ಎಂಟು ಕೋರ್ ಇದ್ದರೂ ಬಿಲ್ಡ್ ತೆವಳುತ್ತಿದೆಯೇ? ಕಾರಣ ಹೀಗೆ ಹುಡುಕಿ

ಕೋಡನ್ನು ಓಡುವ ಪ್ರೋಗ್ರಾಂ ಆಗಿ ಕಟ್ಟುವ ಕೆಲಸವೇ ಬಿಲ್ಡ್. ಅದನ್ನು ಮಾಡಿಸುವ ಮೇಕ್‌ಗೆ -ಜೆ8 (ಒಮ್ಮೆಗೆ ಎಂಟು ಕೆಲಸ ಓಡಿಸು ಅಂತ) ಕೊಟ್ಟಿದ್ದೀರಿ, ಆದರೂ ಬಿಲ್ಡ್ ಮುಗಿಯುತ್ತಲೇ ಇಲ್ಲ. ಜೆ16 ಮಾಡಿ ನೋಡೋಣ ಅನ್ನಿಸುತ್ತದೆ, ಅಲ್ವಾ? ಸ್ವಲ್ಪ ತಡೆಯಿರಿ, ಮೊದಲು ಅಳೆಯಿರಿ.

ಹಳೆಯ ಆಬ್ಜೆಕ್ಟ್ ಫೈಲುಗಳನ್ನೆಲ್ಲ (ಹಿಂದಿನ ಕಂಪೈಲ್‌ನ ಫಲಿತಾಂಶ) ಅಳಿಸಿ, ಹಳೆಯ ಕಂಪೈಲ್ ಫಲಿತಾಂಶ ನೆನಪಿಟ್ಟು ಮರುಬಳಸುವ ಸಿಸಿಕ್ಯಾಶ್ ಇದ್ದರೆ ಅದನ್ನೂ ಆಫ್ ಮಾಡಿ, ಬಿಲ್ಡ್ ಕಮಾಂಡಿನ ಮುಂದೆ 'ಟೈಮ್' ಸೇರಿಸಿ ಓಡಿಸಿ. ಕೊನೆಯಲ್ಲಿ ರಿಯಲ್, ಯೂಸರ್, ಸಿಸ್ ಅಂತ ಮೂರು ಸಂಖ್ಯೆ ಬರುತ್ತವೆ: ರಿಯಲ್ ಅಂದರೆ ಗಡಿಯಾರದ ಸಮಯ, ಉಳಿದೆರಡು ಎಲ್ಲ ಕೋರುಗಳು ಸೇರಿ ದುಡಿದ ಸಮಯ. ಯೂಸರ್‌ಗೆ ಸಿಸ್ ಕೂಡಿಸಿ, ರಿಯಲ್‌ನಿಂದ ಭಾಗಿಸಿ. ರಿಯಲ್ 10 ನಿಮಿಷ, ಯೂಸರ್ 22, ಸಿಸ್ 3 ಅಂದುಕೊಳ್ಳಿ. 25ನ್ನು 10ರಿಂದ ಭಾಗಿಸಿದರೆ ಎರಡೂವರೆ. ಅಂದರೆ ಎಂಟರಲ್ಲಿ ಸರಾಸರಿ ಐದೂವರೆ ಕೋರ್ ಸುಮ್ನೆ ಕೂತಿವೆ! ಇನ್ನು ಜೆ ಏರಿಸಿ ಏನು ಬಂತು?

ಉತ್ತರ ಏಳರ ಆಚೀಚೆ ಇದ್ದರೆ ಕತೆ ಬೇರೆ. ಕೋರುಗಳು ದುಡಿಯುತ್ತಿವೆ, ಕೆಲಸವೇ ಜಾಸ್ತಿ. ಕಂಪೈಲರ್ ಕ್ಲ್ಯಾಂಗ್ ಆದರೆ ಅದಕ್ಕೆ -ಎಫ್‌ಟೈಮ್-ಟ್ರೇಸ್ ಕೊಡಿ, ಯಾವ ಹೆಡರ್ (ಬೇರೆ ಫೈಲುಗಳು ತಮ್ಮೊಳಗೆ ಸೇರಿಸಿಕೊಳ್ಳುವ ಕೋಡ್ ಫೈಲ್) ಎಷ್ಟು ಹೊತ್ತು ತಿಂದಿತು ಅಂತ ಅದೇ ಬರೆದಿಡುತ್ತದೆ.

ಕೋರ್ ಖಾಲಿ ಇದ್ದರೆ ಅವು ಯಾರಿಗಾಗಿ ಕಾಯುತ್ತಿವೆ ಅಂತ ನೋಡಬೇಕು. ಲಿನಕ್ಸ್ ಆದರೆ ಬಿಲ್ಡ್ ಓಡುವಾಗಲೇ ಇನ್ನೊಂದು ಟರ್ಮಿನಲ್‌ನಲ್ಲಿ 'ವಿಎಂಸ್ಟ್ಯಾಟ್ 1' ಹಾಕಿ. ಮೊದಲ ಸಾಲು ಬಿಡಿ, ಅದು ಯಂತ್ರ ಬೂಟ್ ಆದಾಗಿನಿಂದ ಇವತ್ತಿನವರೆಗಿನ ಸರಾಸರಿ. ಎಸ್‌ಐ, ಎಸ್‌ಒ ಕಾಲಂಗಳು ಸೊನ್ನೆಯಲ್ಲಿ ನಿಲ್ಲದೆ ಏರುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ, ಸ್ವಾಪ್‌ನಲ್ಲಿ, ಅಂದರೆ ಡಿಸ್ಕನ್ನೇ ಮೆಮೊರಿಯಂತೆ ಬಳಸುತ್ತ, ಒದ್ದಾಡುತ್ತಿದೆ. ಆಗ ಜೆ ಇಳಿಸಿದರೇ ಬಿಲ್ಡ್ ಬೇಗ ಮುಗಿಯುತ್ತದೆ, ನಂಬಿ. ದೊಡ್ಡ ದೊಡ್ಡ ಲಿಂಕ್ (ಆಬ್ಜೆಕ್ಟ್ ಫೈಲುಗಳನ್ನು ಜೋಡಿಸಿ ಪ್ರೋಗ್ರಾಂ ಮಾಡುವ ಹಂತ) ನಾಲ್ಕು ಒಟ್ಟಿಗೆ ಶುರುವಾದಾಗ ಹೀಗಾಗುವುದು ಜಾಸ್ತಿ. ಮೇಕ್‌ನಂಥದೇ ಇನ್ನೊಂದು ಸಾಧನವಾದ ನಿಂಜಾದಲ್ಲಿ ಲಿಂಕಿಗೆ ಮಾತ್ರ ಬೇರೆ ಪೂಲ್ ಮಾಡಿ ಡೆಪ್ತ್ 2, ಅಂದರೆ ಒಮ್ಮೆಗೆ ಎರಡೇ, ಅಂತ ಕಟ್ಟಿಹಾಕಬಹುದು. ಡಬ್ಲ್ಯುಎ ಕಾಲಂ (ಡಿಸ್ಕಿಗಾಗಿ ಕಾದ ಹೊತ್ತು) ಏರಿದ್ದರೆ ಡಿಸ್ಕ್ ನೋಡಿ.

ಎರಡೂ ಅಲ್ಲವೇ? ಹಾಗಾದರೆ ಕೆಲಸಗಳು ಒಂದರ ಹಿಂದೊಂದು ಸಾಲು ನಿಂತಿರಬೇಕು. ನಿಂಜಾ ಆದರೆ ಬಿಲ್ಡ್ ಫೋಲ್ಡರಿನಲ್ಲಿ .ನಿಂಜಾ_ಲಾಗ್ ಇರುತ್ತದೆ, ಪ್ರತಿ ಸಾಲಿನ ಮೊದಲೆರಡು ಸಂಖ್ಯೆ ಆ ಕೆಲಸ ಶುರುವಾದ ಮತ್ತು ಮುಗಿದ ಹೊತ್ತು, ಮಿಲಿಸೆಕೆಂಡಿನಲ್ಲಿ. ಯಾವಾಗ ಒಂದೇ ಕೆಲಸ ಓಡುತ್ತಿತ್ತು ಅಂತ ಹುಡುಕಿ. ಎಷ್ಟೋ ಸಲ ಅಲ್ಲಿ ಸಿಗುವುದು ಹೆಡರ್ ಹುಟ್ಟಿಸುವ ಒಂದು ಪುಟ್ಟ ಸ್ಕ್ರಿಪ್ಟ್, ಅದು ಮುಗಿಯುವ ತನಕ ಉಳಿದವರೆಲ್ಲ ಬಾಗಿಲಲ್ಲೇ.

ನನ್ನನ್ನು ಸತಾಯಿಸಿದ್ದು ಮಾತ್ರ ಮೇಕ್. ಎರಡು ವಾರ ಡಿಸ್ಕನ್ನು ಬೈದೆ. ಕೊನೆಗೆ ಔಟ್‌ಪುಟ್ಟನ್ನೆಲ್ಲ ಫೈಲಿಗೆ ಹಾಕಿ ಮೇಲಿಂದ ಓದಿದರೆ ನಡುವೆ ಒಂದು ವಾರ್ನಿಂಗ್: 'ಜಾಬ್‌ಸರ್ವರ್ ಅನ್‌ಅವೈಲಬಲ್, ಯೂಸಿಂಗ್ -ಜೆ1', ಅಂದರೆ ಕೆಲಸ ಹಂಚುವ ವ್ಯವಸ್ಥೆ ಸಿಗಲಿಲ್ಲ, ಒಂದೊಂದೇ ಕೆಲಸ ಓಡಿಸುತ್ತೇನೆ ಅಂತ. ಒಳಗಿನ ಡೈರೆಕ್ಟರಿಗೆ ಹೋಗುವ ಸಾಲಿನಲ್ಲಿ ಡಾಲರ್ ಗುರುತಿನ ಮೇಕ್ ವೇರಿಯಬಲ್ ಹಾಕುವ ಬದಲು ಯಾರೋ ನೇರವಾಗಿ 'ಮೇಕ್' ಅಂತ ಬರೆದಿದ್ದರು. ಹಾಗಾಗಿ ನನ್ನ -ಜೆ8 ಒಳಗೆ ತಲುಪುತ್ತಲೇ ಇರಲಿಲ್ಲ, ಅಲ್ಲಿ ಒಂದೊಂದೇ ಫೈಲ್ ಕಂಪೈಲ್ ಆಗುತ್ತಿತ್ತು. ಆ ಸಾಲು ತಿದ್ದಿ ಮತ್ತೆ 'ಟೈಮ್' ಹಾಕಿದೆ: ಎರಡರ ಹತ್ತಿರ ಇದ್ದ ಲೆಕ್ಕ ಆರು ದಾಟಿತ್ತು. ಈಗ ಒಂಟಿಯಾಗಿ ಓಡುತ್ತಿರುವುದು ಕೊನೆಯ ಲಿಂಕ್ ಒಂದೇ, ಅದಕ್ಕೆ ಎಲ್‌ಎಲ್‌ಡಿ ಎಂಬ ಬೇರೆ ಲಿಂಕರ್ ಹಾಕಿ ನೋಡಬೇಕು.