ಕತ್ತಿನಿಂದ ಏಳು ಸೆಂಟಿಮೀಟರ್

ಮೈಸೂರಿನ ಆಸ್ಪತ್ರೆಯೊಂದರ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ನಾನು ತಂತ್ರಜ್ಞ. ಥೈರಾಯ್ಡ್ ಸ್ಕ್ಯಾನಿಗೆ ಮಂಡ್ಯ, ಮಳವಳ್ಳಿ ಕಡೆಯಿಂದಲೂ ಜನ ಬರುತ್ತಾರೆ. ಚುಚ್ಚುಮದ್ದಿನಲ್ಲಿ ಕೊಟ್ಟ ವಿಕಿರಣಶೀಲ ಟೆಕ್ನಿಷಿಯಂ ಕತ್ತಿನ ಥೈರಾಯ್ಡ್ ಗ್ರಂಥಿಯಲ್ಲಿ ಸೇರಿ ಗಾಮಾ ಕಿರಣ ಸೂಸುತ್ತದೆ; ಅದನ್ನು ಹಿಡಿದು ಚಿತ್ರ ಮೂಡಿಸುವುದು ನಮ್ಮ ಕ್ಯಾಮೆರಾ. ಅದರ ಮುಂದಿನ ಸೀಸದ ದಪ್ಪ ಶಂಕುವನ್ನು ಕತ್ತಿನತ್ತ ಇಳಿಸುತ್ತಿದ್ದಂತೆ ಎಷ್ಟೋ ಜನರ ಕೈ ತಾನಾಗಿ ಮೇಲೇಳುತ್ತದೆ. ‘ಇದರಿಂದ ಏನೂ ಹೊರಡುವುದಿಲ್ಲ, ನಿಮ್ಮಿಂದ ಬರುವುದನ್ನು ಹಿಡಿದುಕೊಳ್ಳುತ್ತದೆ ಅಷ್ಟೇ’ ಎನ್ನುತ್ತೇನೆ.

ಗಾಮಾ ಕಿರಣವನ್ನು ಬಗ್ಗಿಸುವ ಮಸೂರವಿಲ್ಲ. ಅದಕ್ಕೇ ಶಂಕುವಿನ ತುದಿಯಲ್ಲಿ ಟಂಗ್‌ಸ್ಟನ್ ಬಿಲ್ಲೆಯಿಟ್ಟು ನಡುವೆ ನಾಲ್ಕು ಮಿಲಿಮೀಟರಿನ ರಂಧ್ರ ಬಿಟ್ಟಿದ್ದಾರೆ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಹೊಂಗೆ ಮರದ ಎಲೆಸಂದಿನಿಂದ ಕೆಳಗೆ ಬಿದ್ದ ಬಿಸಿಲ ಚುಕ್ಕೆಗಳೆಲ್ಲ ಕುಡುಗೋಲಿನಂತೆ ಬಾಗಿದ್ದವಲ್ಲ, ಅದೇ ಲೆಕ್ಕ. ಚಿತ್ರ ತಲೆಕೆಳಗಾಗಿ ಬೀಳುತ್ತದೆ, ಆದರೆ ಹಿಗ್ಗಿ ಬೀಳುತ್ತದೆ. ಸಮಾನಾಂತರ ರಂಧ್ರಗಳ ಕಾಲಿಮೇಟರಿನಲ್ಲಿ (ನೇರ ಬರುವ ಕಿರಣವನ್ನಷ್ಟೇ ಒಳಬಿಡುವ ಸೀಸದ ಜಾಲರಿಯಲ್ಲಿ) ಮಸುಕಾಗುವ ಸಣ್ಣ ಗಂಟು ಇಲ್ಲಿ ಬಿಡಿಸಿ ಕಾಣುತ್ತದೆ.

ಎಷ್ಟು ಹಿಗ್ಗುತ್ತದೆ ಎಂಬಲ್ಲೇ ನಾನು ಎಡವಿದ್ದು. ಆರು ತಿಂಗಳ ಹಿಂದೆ ಬಂದಿದ್ದ ಮಹಿಳೆಯೊಬ್ಬರು ಮತ್ತೆ ಬಂದರು. ಚಿತ್ರಕ್ಕೆ ಇಷ್ಟು ಕಿರಣ ಸಿಗಬೇಕೆಂಬ ನಿಗದಿತ ಎಣಿಕೆ ತುಂಬಲು ಈ ಸಲ ದುಪ್ಪಟ್ಟು ಹೊತ್ತು ಹಿಡಿಯಿತು. ಅಲ್ಲೇ ಅನುಮಾನ ಬರಬೇಕಿತ್ತು. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟ ವೈದ್ಯರು ಕರೆದು ಕೇಳಿದರು: ‘ಗ್ರಂಥಿ ಇಷ್ಟು ಕುಗ್ಗಿದೆಯೇ? ಕೈಗೆ ಸಿಗುವ ಗಂಟು ಹಾಗೆಯೇ ಇದೆಯಲ್ಲ!’

ಕುಗ್ಗಿರಲಿಲ್ಲ. ನಮ್ಮ ಶಂಕು ಇಪ್ಪತ್ತು ಸೆಂಟಿಮೀಟರ್ ಉದ್ದದ್ದು. ಗ್ರಂಥಿ ರಂಧ್ರದಿಂದ ಹತ್ತು ಸೆಂಟಿಮೀಟರ್ ದೂರವಿದ್ದರೆ ಚಿತ್ರ ಎರಡು ಪಟ್ಟು, ಏಳಕ್ಕೆ ತಂದರೆ ಸುಮಾರು ಮೂರು ಪಟ್ಟು. ನಾನು ಮೊದಲ ಸಲ ಹತ್ತಿರ, ಎರಡನೇ ಸಲ ದೂರ ಇಟ್ಟಿದ್ದೆ, ಎರಡನ್ನೂ ಕಣ್ಣಳತೆಯಲ್ಲಿ. ದೂರವಾದಷ್ಟೂ ರಂಧ್ರ ಹೊಗುವ ಕಿರಣ ಕಡಿಮೆ, ದುಪ್ಪಟ್ಟು ಹೊತ್ತು ಹಿಡಿದದ್ದು ಅದಕ್ಕೇ.

ಮರುದಿನವೇ ಏಳು ಸೆಂಟಿಮೀಟರಿನ ಅಕ್ರಿಲಿಕ್ ಪಟ್ಟಿಯೊಂದನ್ನು ಕತ್ತರಿಸಿಕೊಂಡೆ. ರೋಗಿಯ ಭುಜದಡಿ ದಿಂಬಿಟ್ಟು ಗದ್ದ ಎತ್ತಿಸಿ, ಪಟ್ಟಿ ಚರ್ಮಕ್ಕೂ ತುದಿಗೂ ತಾಗುವಂತೆ ಹಿಡಿದು ನೋಡಿ ತೆಗೆಯುತ್ತೇನೆ. ಗ್ರಂಥಿ ಚರ್ಮದ ಕೆಳಗಿರುವುದರಿಂದ ನಿಜವಾದ ದೂರ ತುಸು ಹೆಚ್ಚೇ. ಆದರೆ ಅದೇ ವ್ಯಕ್ತಿಯನ್ನು ಮತ್ತೆ ನೋಡುವಾಗ ಅಳತೆ ತಪ್ಪುವುದಿಲ್ಲ. ಚುಚ್ಚುಮದ್ದು ಕೊಟ್ಟು ಇಪ್ಪತ್ತು ನಿಮಿಷ ಕಾಯಿಸಿ, ಮಲಗಿಸುವ ಮೊದಲು ಒಂದು ಲೋಟ ನೀರು ಕುಡಿಸುತ್ತೇನೆ. ಟೆಕ್ನಿಷಿಯಂ ಜೊಲ್ಲಿನಲ್ಲೂ ಇಳಿಯುತ್ತದೆ. ಅನ್ನನಾಳದಲ್ಲಿ ನಿಂತರೆ ಇಲ್ಲದ ಗೆರೆ ಮೂಡುತ್ತದೆ.

ಕೈಗೆ ಸಿಗುವ ಗಂಟು ಚಿತ್ರದಲ್ಲಿ ಎಲ್ಲಿದೆ ಎಂದು ತಿಳಿಯಲು ಅದರ ಮೇಲೆ ಗುರುತಿಡುವಾಗ ಇನ್ನೊಂದು ಮೋಸವಿದೆ. ಗುರುತು ಚರ್ಮದ ಮೇಲಿದೆ, ಗಂಟು ಒಳಗಿದೆ. ಗಂಟು ರಂಧ್ರದ ನೇರಕ್ಕಿಲ್ಲದಿದ್ದರೆ ಚಿತ್ರದಲ್ಲಿ ಎರಡೂ ಬೇರೆಬೇರೆ ಕಡೆ ಬೀಳುತ್ತವೆ. ಹಾಗಾಗಿ ಗಂಟನ್ನೇ ನಡುವಿಗೆ ತಂದು ಮತ್ತೊಂದು ಚಿತ್ರ ತೆಗೆಯುತ್ತೇನೆ.

ಮೊನ್ನೆ ತರಬೇತಿಗೆ ಬಂದ ಹುಡುಗ ಆ ಪಟ್ಟಿಯಿಟ್ಟು ರಿಜಿಸ್ಟರಿನಲ್ಲಿ ಗೆರೆ ಎಳೆಯುತ್ತಿದ್ದ. ಕಸಿದುಕೊಂಡು ಮೊಳೆಗೆ ತೂಗುಹಾಕಿದೆ.