ಅಲಂಕಾರ ಪಾಠದಲ್ಲಿ ಹೆಸರು ಕೊನೆಗೆ ಬರಲಿ

ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಅಲಂಕಾರ (ಮಾತಿಗೆ ಚೆಲುವು ತರುವ ಹೋಲಿಕೆ, ಅನುಪ್ರಾಸ ಮುಂತಾದವು) ಕಲಿಸುವಾಗ ಸಾಮಾನ್ಯವಾಗಿ ಲಕ್ಷಣವಾಕ್ಯ, ಅಂದರೆ ವ್ಯಾಖ್ಯಾನ, ಮೊದಲು ಬರುತ್ತದೆ, ಉದಾಹರಣೆ ಅದರ ಹಿಂದೆ ಬರುತ್ತದೆ. ಮಕ್ಕಳು ಲಕ್ಷಣವನ್ನು ಒಕ್ಕೊರಲಿನಿಂದ ಒಪ್ಪಿಸುತ್ತಾರೆ. ಪುಸ್ತಕದಲ್ಲಿಲ್ಲದ ವಾಕ್ಯವೊಂದನ್ನು ಕೊಟ್ಟ ಕೂಡಲೇ ತಡವರಿಸುತ್ತಾರೆ. ಈ ಕ್ರಮವನ್ನು ತಿರುಗಿಸಿ, ಮಕ್ಕಳ ಬಾಯಲ್ಲಿ ಈಗಾಗಲೇ ಇರುವ ಹೋಲಿಕೆಗಳಿಂದ ಪಾಠ ಆರಂಭಿಸಿ, ಅಲಂಕಾರದ ಹೆಸರನ್ನು ಕೊನೆಗೆ ಹೇಳುವುದು ಮೇಲು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಶಾಲೆಗಳಿಗೆ ಹೊಂದುವಂತೆ ಆ ವಿಧಾನವನ್ನು ಇಲ್ಲಿ ವಿವರಿಸಿದೆ.

ಮೊದಲ ಅವಧಿಯನ್ನು ಕಿವಿಗೆ ಮೀಸಲಿಡಬೇಕು. ಕನ್ನಡದ ಹಳೆಯ ಅಲಂಕಾರಗ್ರಂಥವಾದ ಕವಿರಾಜಮಾರ್ಗವೂ ಎರಡನೆಯ ಪರಿಚ್ಛೇದದಲ್ಲಿ ಧ್ವನಿಯ ಚೆಲುವಾದ ಶಬ್ದಾಲಂಕಾರವನ್ನು ಹೇಳಿ, ಮೂರನೆಯದರಲ್ಲಿ ಅರ್ಥದ ಚೆಲುವಾದ ಅರ್ಥಾಲಂಕಾರಕ್ಕೆ ಬರುತ್ತದೆ. ‘ತರಿಕೆರೆ ಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ’ ಎಂಬ ಮಾತನ್ನು ಬೇಗಬೇಗ ಹೇಳಿಸಿ, ರಕಾರ ಬಂದಲ್ಲೆಲ್ಲ ಚಪ್ಪಾಳೆ ತಟ್ಟಿಸಿದರೆ ವೃತ್ತ್ಯನುಪ್ರಾಸ, ಅಂದರೆ ಒಂದೇ ವ್ಯಂಜನ ಮತ್ತೆ ಮತ್ತೆ ಬರುವುದು, ಅರ್ಥವಾದಂತೆಯೇ ಸರಿ. ಅದಕ್ಕಿಂತ ಹೆಚ್ಚು ಸಮಯವನ್ನು ಅಲ್ಲಿ ಕಳೆಯಬೇಕಾಗಿಲ್ಲ.

ಅರ್ಥಾಲಂಕಾರಕ್ಕೆ ಬಂದಾಗ, ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ಕೇಳಿದ ಹೋಲಿಕೆಗಳನ್ನು ಬರೆದು ತರುವಂತೆ ಹಿಂದಿನ ದಿನವೇ ಹೇಳಿರಬೇಕು. ಬಾಗೇಪಲ್ಲಿ, ಚಿಂತಾಮಣಿಯ ಕಡೆ ಅನೇಕ ಮಕ್ಕಳ ಮನೆಮಾತು ತೆಲುಗು. ಅವರು ತೆಲುಗಿನಲ್ಲೇ ಹೇಳಲಿ, ಕನ್ನಡಕ್ಕೆ ತರುವ ಕೆಲಸವನ್ನು ತರಗತಿಯೆಲ್ಲ ಸೇರಿ ಮಾಡಬಹುದು. ಶಿಡ್ಲಘಟ್ಟದ ಸುತ್ತಲಿನ ಹಳ್ಳಿಗಳಲ್ಲಾದರೆ ರೇಷ್ಮೆ ಸಾಕಣೆಯ ಮಾತುಗಳೇ ಹೇರಳವಾಗಿ ಬರುತ್ತವೆ. ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು ಪೊರೆ ಕಳಚಲು ಅಲುಗದೆ ಕುಳಿತರೆ ‘ಜ್ವರಕ್ಕೆ ಕೂತಿದೆ’ ಎನ್ನುತ್ತಾರೆ. ಗೂಡು ಕಟ್ಟುವ ಹೊತ್ತಿಗೆ ಮೈ ತಿಳಿಯಾಗಿ ಹಳದಿಗೆ ತಿರುಗಿದರೆ ‘ಹಣ್ಣಾಯಿತು’ ಎಂದು ಗೂಡು ಕಟ್ಟಿಸುವ ಚಂದ್ರಿಕೆಗೆ ಬಿಡುತ್ತಾರೆ. ಹುಳು ಹಣ್ಣಾಗುವುದು ಹೇಗೆ, ಜ್ವರದವನಿಗೂ ಹುಳುವಿಗೂ ಏನು ಸಮಾನ ಎಂದು ಕೇಳಿದರೆ ರೇಷ್ಮೆ ಮನೆಯ ಮಕ್ಕಳು ಶಿಕ್ಷಕರಿಗಿಂತ ಚೆನ್ನಾಗಿ ಉತ್ತರಿಸುತ್ತಾರೆ. (ಇವು ಶಾಸ್ತ್ರದ ಪ್ರಕಾರ ರೂಪಕವಲ್ಲ, ಪದದ ನೇರ ಅರ್ಥ ಬಿಟ್ಟು ಅದಕ್ಕೆ ಸಂಬಂಧಿಸಿದ ಅರ್ಥವನ್ನು ಹಿಡಿಯುವ ಲಕ್ಷಣೆ ಎಂದು ಬಲ್ಲವರು ತಕರಾರು ಎತ್ತಬಹುದು, ಆ ಚರ್ಚೆ ಏಳನೆಯ ತರಗತಿಗೆ ಬೇಡ.)

ಸಂಗ್ರಹವಾದ ಮೇಲೆ ಒಂದೇ ಹೋಲಿಕೆಯನ್ನು ಆರಿಸಿಕೊಂಡು ಕಪ್ಪುಹಲಗೆಯ ಮೇಲೆ ಅದರ ರೂಪ ಬದಲಿಸುತ್ತ ಹೋಗಬೇಕು. ‘ಟೊಮೆಟೊ ಬೆಲೆ ಉಯ್ಯಾಲೆಯಂತೆ ಏರಿಳಿಯುತ್ತದೆ’ ಎಂಬ ವಾಕ್ಯ ಕೋಲಾರದ ಮಕ್ಕಳಿಗೆ ವಿವರಣೆಯಿಲ್ಲದೆ ತಿಳಿಯುತ್ತದೆ. ಇಲ್ಲಿ ವರ್ಣಿಸುತ್ತಿರುವ ಟೊಮೆಟೊ ಬೆಲೆ ಉಪಮೇಯ, ಹೋಲಿಕೆಗೆ ತಂದ ಉಯ್ಯಾಲೆ ಉಪಮಾನ, ಹೋಲಿಕೆ ಸೂಚಿಸುವ ‘ಅಂತೆ’ ವಾಚಕಪದ, ಎರಡಕ್ಕೂ ಸಮಾನವಾದ ಏರಿಳಿಯುವುದು ಸಮಾನಧರ್ಮ; ನಾಲ್ಕೂ ಇರುವುದರಿಂದ ಇದು ಪೂರ್ಣೋಪಮೆ. ಈಗ ‘ಏರಿಳಿಯುತ್ತದೆ’ ಎಂಬುದನ್ನು ಒರೆಸಿ ‘ಉಯ್ಯಾಲೆಯಂತಿದೆ’ ಎಂದು ಬರೆದರೆ ಸಮಾನಧರ್ಮ ಮರೆಯಾಗಿ ಲುಪ್ತೋಪಮೆಯಾಗುತ್ತದೆ. ‘ಅಂತೆ’ಯನ್ನೂ ತೆಗೆದು ‘ಟೊಮೆಟೊ ಬೆಲೆಯೆಂಬ ಉಯ್ಯಾಲೆಯಲ್ಲಿ ರೈತ ಜೀಕುತ್ತಿದ್ದಾನೆ’ ಎಂದರೆ ಎರಡೂ ಒಂದೇ ಎಂಬ ಭಾವ ಮೂಡಿ ರೂಪಕವಾಗುತ್ತದೆ. ‘ಬೆಲೆ ಏರಿಳಿಯುವುದನ್ನು ನೋಡಿದರೆ ಮರೆಯಲ್ಲಿ ನಿಂತು ಯಾರೋ ಉಯ್ಯಾಲೆ ತೂಗುತ್ತಿದ್ದಾರೋ ಎಂಬಂತಿದೆ’ ಎಂದು ಊಹಿಸಿದರೆ ಅದು ಉತ್ಪ್ರೇಕ್ಷೆ. ಪ್ರತಿ ಬದಲಾವಣೆಯ ನಂತರ ‘ಏನು ಹೋಯಿತು, ಏನು ಬಂತು?’ ಎಂದು ಕೇಳಿ, ಮಕ್ಕಳು ವ್ಯತ್ಯಾಸವನ್ನು ತಮ್ಮ ಮಾತಿನಲ್ಲಿ ಹೇಳಿದ ಮೇಲಷ್ಟೇ ಅಲಂಕಾರದ ಹೆಸರನ್ನು ಪಕ್ಕದಲ್ಲಿ ಬರೆಯಬೇಕು.

ಮಕ್ಕಳೇ ಹೋಲಿಕೆ ಕಟ್ಟತೊಡಗಿದಾಗ ಸಮಾನಧರ್ಮದ ವಿಷಯದಲ್ಲಿ ಬಿಗಿಯಾಗಿರಬೇಕು. ‘ನಮ್ಮಜ್ಜಿ ನಂದಿಬೆಟ್ಟದಂತೆ’ ಎಂದು ಯಾರಾದರೂ ಬರೆದರೆ ನಗದೆ, ಹೊಗಳದೆ, ಯಾವುದರಲ್ಲಿ ಎಂದು ಕೇಳಬೇಕು. ಬೆಟ್ಟದ ಎತ್ತರ 1,478 ಮೀಟರ್ ಎಂಬ ಉತ್ತರ ಇಲ್ಲಿ ನಿಲ್ಲದು. ‘ಬೆಳಿಗ್ಗೆ ಹೊತ್ತು ಇಬ್ಬರೂ ತಲೆ ಮೇಲೆ ಮುಸುಕು ಎಳ್ಕೊಂಡಿರ್ತಾರೆ’ ಎಂದು ಮಗು ಹೇಳಿದರೆ, ಒಂದು ಕಡೆ ಮಂಜು, ಇನ್ನೊಂದು ಕಡೆ ಸೆರಗು ಎಂದು ಹೋಲಿಕೆ ಗಟ್ಟಿಯಾಗಿ ನಿಲ್ಲುತ್ತದೆ. ‘ಚಂದ್ರನಂತಹ ಮುಖ’ ತಪ್ಪಲ್ಲವಾದರೂ ಮಕ್ಕಳು ಅದನ್ನು ನೋಡಿ ಬರೆಯುವುದಿಲ್ಲ, ನೆನಪಿನಿಂದ ಬರೆಯುತ್ತಾರೆ. ಅಂಥದ್ದಕ್ಕೆ ನಾನಂತೂ ಪೂರ್ಣ ಅಂಕ ಕೊಡುವುದಿಲ್ಲ.

ಮಕ್ಕಳು ಅತಿ ಹೆಚ್ಚು ಎಡವುವುದು ‘ಅಂತೆ’ಯನ್ನು ಕಂಡಲ್ಲೆಲ್ಲ ಉಪಮೆ ಎಂದು ಗುರುತಿಸುವುದರಲ್ಲಿ. ‘ಮೇಷ್ಟ್ರು ನಾಳೆ ಬರುವುದಿಲ್ಲವಂತೆ’ ಎಂಬಲ್ಲಿ ಅದು ಕೇಳಿದ ಸುದ್ದಿಯನ್ನು ಹೇಳುತ್ತದೆ. ‘ಹೇಳಿದಂತೆ ಮಾಡು’ ಎಂಬಲ್ಲಿ ರೀತಿಯನ್ನು ಸೂಚಿಸುತ್ತದೆ. ‘ಚಿಕ್ಕಬಳ್ಳಾಪುರದಂತೆ ಕೋಲಾರದಲ್ಲೂ ರೇಷ್ಮೆ ಬೆಳೆಯುತ್ತಾರೆ’ ಎಂಬಲ್ಲಿ ಹೋಲಿಕೆ ಇದ್ದರೂ ಅದು ಬರಿಯ ವಸ್ತುಸ್ಥಿತಿ. ಓದುವವರಿಗೆ ಹೊಸದೇನನ್ನೂ ಕಾಣಿಸುವುದಿಲ್ಲವಾದ್ದರಿಂದ ಅಲಂಕಾರವಾಗದು. ‘ಎಂಬಂತೆ’ ಇದ್ದರೆ ಉತ್ಪ್ರೇಕ್ಷೆಯಿರಬಹುದೆಂದು ಅನುಮಾನಿಸಬೇಕು. ಇಂತಹ ವಾಕ್ಯಗಳನ್ನು ನಿಜವಾದ ಉಪಮೆಗಳೊಂದಿಗೆ ಬೆರೆಸಿ ಕೊಟ್ಟು, ಯಾವುದು ಅಲಂಕಾರವಲ್ಲ, ಏಕೆ ಎಂದು ಬರೆಸುವ ಅಭ್ಯಾಸಕ್ಕೆ ಒಂದು ಇಡೀ ಅವಧಿ ಕೊಟ್ಟರೂ ನಷ್ಟವಿಲ್ಲ. ಇದಕ್ಕೆ ಪ್ರತಿಯಾಗಿ, ಮಕ್ಕಳು ಆಡುಮಾತಿನಲ್ಲಿ ಬಳಸುವ ‘ಥರ’, ‘ಹಂಗೆ’ ಎಂಬವೂ, ಪದ್ಯಗಳಲ್ಲಿ ಬರುವ ‘ವೋಲ್’, ‘ತೆರದಿ’ ಎಂಬವೂ ‘ಅಂತೆ’ ಮಾಡುವ ಕೆಲಸವನ್ನೇ ಮಾಡುತ್ತವೆ ಎಂಬುದನ್ನು ತಿಳಿಸಬೇಕು. ಇಲ್ಲವಾದರೆ ಹಳಗನ್ನಡದ ಉಪಮೆಯನ್ನು ಅವರು ಗುರುತಿಸಲಾರರು.

ದೃಷ್ಟಾಂತ ಅಲಂಕಾರಕ್ಕೆ ಗಾದೆಗಳು ಸಾಕು. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬಲ್ಲಿ ವಾಚಕಪದವಿಲ್ಲದೆಯೇ ಎರಡು ವಾಕ್ಯಗಳು ಬಿಂಬ ಪ್ರತಿಬಿಂಬಗಳಾಗಿ ನಿಂತಿರುವುದನ್ನು ತೋರಿಸಿ ಮುಂದೆ ಹೋಗಬಹುದು. ಸಾಮಾನ್ಯ ಮಾತನ್ನು ವಿಶೇಷದಿಂದಲೋ ವಿಶೇಷವನ್ನು ಸಾಮಾನ್ಯದಿಂದಲೋ ಸಮರ್ಥಿಸುವ ಅರ್ಥಾಂತರನ್ಯಾಸವನ್ನು ಪ್ರೌಢಶಾಲೆಗೆ ಬಿಡುವುದು ಒಳಿತು.

‘ಅಲಂಕಾರವನ್ನು ಹೆಸರಿಸಿ, ಸಮನ್ವಯಗೊಳಿಸಿ’ ಎಂಬ ಪ್ರಶ್ನೆಗೆ ಪರೀಕ್ಷೆಯಲ್ಲಿ ಹೆಸರನ್ನೇ ಮೊದಲು ಬರೆಯಬೇಕಾಗುತ್ತದೆ. ಆದ್ದರಿಂದ ಎಂಟನೆಯ ತರಗತಿಯಿಂದಲೇ, ಉತ್ತರದ ಮೊದಲ ಸಾಲನ್ನು ಖಾಲಿ ಬಿಟ್ಟು, ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ ಮತ್ತು ಸಮನ್ವಯವನ್ನು (ಲಕ್ಷಣವು ಆ ವಾಕ್ಯಕ್ಕೆ ಹೇಗೆ ಹೊಂದುತ್ತದೆಂಬ ವಿವರಣೆಯನ್ನು) ಬರೆದ ಮೇಲೆ ಹಿಂತಿರುಗಿ ಹೆಸರು ತುಂಬುವ ರೂಢಿ ಮಾಡಿಸಬಹುದು. ಹೆಸರು ಸರಿಯಾಗಿದ್ದು ಸಮನ್ವಯ ತಪ್ಪಿರುವ ಉತ್ತರಕ್ಕಿಂತ, ಹೆಸರು ತಪ್ಪಿದ್ದರೂ ಉಪಮೇಯ ಉಪಮಾನಗಳನ್ನು ಸರಿಯಾಗಿ ಬಿಡಿಸಿರುವ ಉತ್ತರಕ್ಕೆ ಕಿರುಪರೀಕ್ಷೆಗಳಲ್ಲಿ ಹೆಚ್ಚು ಅಂಕ ಕೊಟ್ಟು, ಹಾಗೆ ಕೊಟ್ಟಿದ್ದೇಕೆ ಎಂಬುದನ್ನು ಉತ್ತರಪತ್ರಿಕೆಯ ಅಂಚಿನಲ್ಲಿ ಬರೆದು ಕೊಡಬೇಕು.