ಶೆರ್ರಿ ಪೀಪಾಯಿಯ ಸಿಂಗಲ್ ಮಾಲ್ಟ್ ಸವಿಯುವ ಬಗೆ

ಸಿಂಗಲ್ ಮಾಲ್ಟ್ ಎಂದರೆ ಮೊಳಕೆ ಬರಿಸಿದ ಬಾರ್ಲಿಯಿಂದ ಒಂದೇ ಭಟ್ಟಿಯಲ್ಲಿ ತಯಾರಾದ ವಿಸ್ಕಿ. ಅದರ ಬಾಟಲಿ ತೆರೆಯುವ ಮೊದಲು ಒಂದು ತಟ್ಟೆ ಸಿದ್ಧ ಮಾಡಿಕೊಳ್ಳಿ. ಕಪ್ಪು ಒಣದ್ರಾಕ್ಷಿ, ಖರ್ಜೂರ, ಅಂಜೂರ, ಅಕ್ರೋಟು, ಲವಂಗ, ಕಿತ್ತಳೆ ಸಿಪ್ಪೆಯ ಒಂದು ಚೂರು. ಮಂಗಳೂರಿನ ಬಂದರಿನಲ್ಲಿ ಇವನ್ನು ಮಾರುವುದೇ ನನ್ನ ಕಸುಬು. ಒಣಹಣ್ಣಿನ ಗುಣ ಮೊದಲು ಮೂಗಿಗೇ ತಿಳಿಯುತ್ತದೆ. ಒಂದೊಂದನ್ನೂ ಮುರಿದು ಮೂಸಿ, ತಿನ್ನಬೇಡಿ. ಲೋಟದಲ್ಲಿ ಹುಡುಕಬೇಕಾದದ್ದು ಈ ಪರಿಮಳಗಳನ್ನೇ.

ಶೆರ್ರಿ ಎಂದರೆ ಸ್ಪೇನಿನ ಹೆರೆಸ್ ಸೀಮೆಯ ವೈನ್. ಹಿಂದೆ ಅದು ಪೀಪಾಯಿಗಳಲ್ಲೇ ಬ್ರಿಟನ್ನಿಗೆ ಹೋಗುತ್ತಿತ್ತು, ಬರಿದಾದ ಪೀಪಾಯಿಗೆ ಸ್ಕಾಟ್ಲೆಂಡಿನವರು ವಿಸ್ಕಿ ತುಂಬುತ್ತಿದ್ದರು. ಈಗ ಹೆಚ್ಚಾಗಿ ವಿಸ್ಕಿಗೆಂದೇ ಪೀಪಾಯಿಗಳಲ್ಲಿ ಶೆರ್ರಿ ತುಂಬಿಸಿಟ್ಟು ಹದಗೊಳಿಸುತ್ತಾರೆ. ಒಲೊರೊಸೊ ಎಂಬ ಬಗೆಯ ಶೆರ್ರಿಯ ಪೀಪಾಯಿಯಾದರೆ ಅಕ್ರೋಟು, ಕಿತ್ತಳೆ ಸಿಪ್ಪೆ ಮುಂದೆ ಬರುತ್ತವೆ. ಪೆದ್ರೊ ಹಿಮೆನೆಸ್ ಎಂಬ ಬಗೆಯ ಶೆರ್ರಿಗೆ ಅದೇ ಹೆಸರಿನ ದ್ರಾಕ್ಷಿಯನ್ನು ಬಿಸಿಲಿಗೆ ಒಣಗಿಸಿ ಹಿಂಡುವುದರಿಂದ ಆ ಪೀಪಾಯಿಯಲ್ಲಿ ಖರ್ಜೂರ, ಅಂಜೂರದ ಸಿಹಿ ಹೆಚ್ಚು. ಗ್ಲೆನ್‌ಡ್ರೊನಾಕ್ 12 ಎಂಬ ಸ್ಕಾಟ್ಲೆಂಡಿನ ವಿಸ್ಕಿಯಲ್ಲಿ ಈ ಎರಡೂ ಬಗೆಯ ಪೀಪಾಯಿಗಳು ಸೇರಿವೆ. ಕಲಿಯುವವರಿಗೆ ನಾನು ಹೇಳುವುದು ಅದನ್ನೇ.

ಬಣ್ಣಕ್ಕೆ ಮರುಳಾಗಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಬೆರೆಸಲು ಕಾನೂನಿನ ಅನುಮತಿಯಿದೆ.

ಬಾಯಿ ಕಿರಿದಾದ ಲೋಟಕ್ಕೆ 30 ಮಿಲಿ ಸಾಕು. ನಮ್ಮ ಕರಾವಳಿಯ ಸೆಕೆಯಲ್ಲಿ ಆಲ್ಕೋಹಾಲ್ ಬೇಗ ಆವಿಯಾಗಿ ಮೂಗಿಗೆ ಘಾಟು ಹೊಡೆಯುತ್ತದೆ. ಆದ್ದರಿಂದ ಕೋಣೆ ತಣಿದ ಮೇಲೆ ಕುಳಿತುಕೊಳ್ಳಿ, ಆದರೆ ಐಸ್ ಹಾಕಬೇಡಿ. ತಣ್ಣಗಾದರೆ ಪರಿಮಳ ಮುದುಡುತ್ತದೆ. ಸವಿಯುವಷ್ಟು ಹೊತ್ತು ಫ್ಯಾನ್ ಆರಿಸಿ, ಕಷ್ಟವಾದರೂ ಸಹಿಸಿಕೊಳ್ಳಿ. ಮನೆಯಲ್ಲಿ ಶಂಕರಪುರ ಮಲ್ಲಿಗೆಯಿದ್ದರೆ ಬೇರೆ ಕೋಣೆಯಲ್ಲಿಡಿ, ಅದರೆದುರು ಯಾವ ವಿಸ್ಕಿಯೂ ನಿಲ್ಲುವುದಿಲ್ಲ. ಬಂಗುಡೆ ಪುಳಿಮುಂಚಿ ಆಮೇಲೆ ತಿನ್ನಿ; ಖಾರ ತಾಗಿದ ನಾಲಿಗೆಗೆ ನವಿರಾದ ರುಚಿ ತಿಳಿಯುವುದಿಲ್ಲ.

ಹತ್ತು ನಿಮಿಷ ಲೋಟವನ್ನು ಸುಮ್ಮನೆ ಬಿಡಿ. ನಂತರ ಬಾಯಿ ತುಸು ತೆರೆದುಕೊಂಡು, ಮೂಗನ್ನು ಲೋಟದ ಅಂಚಿಗೆ ಮಾತ್ರ ತಂದು ಮೂಸಿ. ಮತ್ತೆ ತಟ್ಟೆಯ ದ್ರಾಕ್ಷಿ, ಮತ್ತೆ ಲೋಟ. ಕೆಲವೊಮ್ಮೆ ಗೀರಿದ ಬೆಂಕಿಕಡ್ಡಿಯ ವಾಸನೆ ಬರುತ್ತದೆ. ಖಾಲಿ ಪೀಪಾಯಿ ಕೆಡದಿರಲು ಅದರೊಳಗೆ ಗಂಧಕ ಉರಿಸುವ ರೂಢಿಯೂ ಇದಕ್ಕೆ ಒಂದು ಕಾರಣ. ಇದನ್ನು ಮೆಚ್ಚುವವರಿದ್ದಾರೆ, ಹಣ್ಣಿನ ಪರಿಮಳವನ್ನೇ ಮುಚ್ಚುವುದರಿಂದ ನನಗೆ ಅದು ದೋಷವೇ.

ಮೊದಲ ಗುಟುಕು ಚಿಕ್ಕದಿರಲಿ, ಅದು ಬಾಯಿಯನ್ನು ಒಗ್ಗಿಸಲಷ್ಟೇ. ಎರಡನೆಯದನ್ನು ನಾಲಿಗೆಯ ಮೇಲೆಲ್ಲ ಹರಿಸಿ, ನಿಧಾನವಾಗಿ ನುಂಗಿ, ಮೂಗಿನಿಂದ ಉಸಿರು ಬಿಡಿ. ಲವಂಗ ಗೊತ್ತಾಗುವುದು ಆಗಲೇ. ಕೊನೆಗೆ ಉಳಿಯುವ ಒಗರು ಓಕ್ ಮರದ್ದು. ಯುರೋಪಿನ ಓಕ್‌ನಲ್ಲಿ ಅದು ಹೆಚ್ಚು.

ಬೆಂಗಳೂರಿನ ಅಮೃತ್ ಇಂಟರ್‌ಮೀಡಿಯೇಟ್ ಶೆರ್ರಿ ಎಂಬ ವಿಸ್ಕಿಯಂತೆ 57.1 ಶೇಕಡಾ ಆಲ್ಕೋಹಾಲ್ ಇರುವುದಾದರೆ ನೀರು ಬೇಕೇ ಬೇಕು. ಚಮಚದಿಂದ ಹನಿಹನಿಯಾಗಿ ಹಾಕಿ, ಪ್ರತಿ ಸಲವೂ ಮೂಸಿ ನೋಡಿ. ಘಾಟು ಇಳಿದು ಹಣ್ಣು ಮೇಲೆದ್ದ ಕೂಡಲೇ ನಿಲ್ಲಿಸಿ. ಹಾಕಿದ ನೀರನ್ನು ಹಿಂದೆ ತೆಗೆಯಲಾಗದು.

ಮುಂದಿನ ಸಲ ಪಕ್ಕದಲ್ಲಿ ಬರ್ಬನ್ ಎಂಬ ಅಮೆರಿಕದ ವಿಸ್ಕಿಯಿದ್ದ ಪೀಪಾಯಿಯಲ್ಲಿ ಮಾಗಿದ ಗೋವಾದ ಪಾಲ್ ಜಾನ್ ಬ್ರಿಲಿಯನ್ಸ್ ಇಟ್ಟುಕೊಂಡು, ಎರಡನ್ನೂ 15 ಮಿಲಿಯಂತೆ ಸುರಿದು ಸರದಿಯಲ್ಲಿ ಮೂಸಿ.